ಗಾಂಜಾ ಬೀಜ ಚೆನ್ನಾಗಿ ಮೊಳೆತರೂ ಎಳೆಯ ಸಸಿಗಳು ಬುಡದಲ್ಲಿ ಬಾಗಿ ಸಾಯುತ್ತಿವೆ: ಜರ್ಮನಿಯಲ್ಲಿರುವವರು ದಯವಿಟ್ಟು ತಿಳಿಸಿ

ಇಸಾರ್ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಮ್ಯೂನಿಕ್‌ನಲ್ಲಿ ನೆಲೆಸಿದ್ದೇನೆ. 2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು ಸ್ವಂತ ಬಳಕೆಗೆಂದು ಮನೆಯಲ್ಲಿ ಮೂರು ಗಾಂಜಾ ಗಿಡಗಳವರೆಗೆ ಬೆಳೆಸಲು ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ಇಲ್ಲಿಯೇ ಬೀಜ ಕೊಂಡು ಈ ಚಳಿಗಾಲದಲ್ಲಿ ಮೊಳಕೆ ಬರಿಸಿದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒದ್ದೆ ಟಿಶ್ಯೂ ಕಾಗದದ ನಡುವೆ ಇಟ್ಟು ಡಬ್ಬಿ ಮುಚ್ಚಿದಾಗ ಬೇರು ಸಲೀಸಾಗಿ ಹೊರಬಂದಿತು.

ತೊಂದರೆ ಕಂಡದ್ದು ಕುಂಡಕ್ಕೆ ಇಳಿಸಿದ ಮೇಲೆ. ಗೊಬ್ಬರ ಬೆರೆತ ಸಾಮಾನ್ಯ ಕುಂಡದ ಮಣ್ಣು ಬಳಸಿದ್ದೇನೆ, ಬೆಳಿಗ್ಗೆ ಸಂಜೆ ನೀರು ಕೊಟ್ಟಿದ್ದೇನೆ, ಚಳಿ ತಾಗದಿರಲೆಂದು ಪ್ಲಾಸ್ಟಿಕ್ ಹೊದಿಸಿ, ಕೆಳಗೆ ಹೀಟರ್ ಇರುವ ಕಿಟಕಿಯ ಕಟ್ಟೆಯ ಮೇಲೆ ಇರಿಸಿದ್ದೇನೆ. ಸಸಿಗಳು ದಾರದಂತೆ ಸಣ್ಣಗೆ ಉದ್ದವಾಗಿ ಗಾಜಿನ ಕಡೆಗೆ ವಾಲಿ ಬೆಳೆದವು. ಬಳಿಕ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದು ಬಣ್ಣಕ್ಕೆ ತಿರುಗಿ ಬತ್ತಿ, ಒಂದು ಸಸಿ ರಾತ್ರೋರಾತ್ರಿ ಮಲಗಿಬಿಟ್ಟಿತು. ಇನ್ನೊಂದರ ತಲೆಯ ಮೇಲೆ ಬೀಜದ ಸಿಪ್ಪೆ ಹಾಗೆಯೇ ಕಚ್ಚಿಕೊಂಡಿದೆ. ಇದಕ್ಕೆ ಕಾರಣವೇನು, ಉಳಿದವನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ.

ಸಸಿಮಡಿ

ನೀವು ವಿವರಿಸಿರುವ ಲಕ್ಷಣ ನಮ್ಮ ಊರಿನ ಟೊಮೆಟೊ, ಮೆಣಸಿನಕಾಯಿ ಸಸಿಮಡಿಗಳಲ್ಲಿ ರೈತರು ಪ್ರತಿ ಮಳೆಗಾಲದಲ್ಲಿ ಕಾಣುವ ಸಸಿ ಸಾಯುವ ರೋಗವೇ ಆಗಿದೆ. ಗಾಂಜಾಕ್ಕೆಂದೇ ಬೇರೆ ಕಾಯಿಲೆ ಇದಲ್ಲ. ಪಿಥಿಯಂ, ರೈಜೋಕ್ಟೋನಿಯಾ, ಫ್ಯುಸೇರಿಯಂ ಮೊದಲಾದ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಇದ್ದೇ ಇರುತ್ತವೆ. ಮಣ್ಣು ಸದಾ ಒದ್ದೆಯಾಗಿ, ಮೇಲಿನ ಗಾಳಿ ಕದಲದೆ ನಿಂತು, ಸಸಿಯ ಕಾಂಡ ಬೆಳಕಿಲ್ಲದೆ ಬಡಕಲಾದಾಗ ಅವು ಮಣ್ಣಿನ ಮಟ್ಟದಲ್ಲೇ ಕಾಂಡವನ್ನು ಹೊಕ್ಕು ಕೊಳೆಸುತ್ತವೆ. ನಿಮ್ಮ ಕಿಟಕಿಯ ಕಟ್ಟೆಯಲ್ಲಿ ಈ ಮೂರೂ ಒಟ್ಟಿಗೆ ಸೇರಿಕೊಂಡಿವೆ.

ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದು ಹಾಕಿ, ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಕುಂಡವನ್ನು ಸೋಪು ಮತ್ತು ಬಿಸಿನೀರಿನಿಂದ ಉಜ್ಜಿ ತೊಳೆಯಿರಿ. ಉಳಿದ ಸಸಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇಂದೇ ತೆಗೆಯಿರಿ. ಬೀಜ ಮಣ್ಣಿನಿಂದ ತಲೆ ಎತ್ತುವವರೆಗೆ ಮಾತ್ರ ಅಂಥ ಹೊದಿಕೆಯಿಂದ ಪ್ರಯೋಜನ. ಬೀಜದಳಗಳು, ಅಂದರೆ ಮೊದಲ ಎರಡು ನುಣುಪಾದ ಎಲೆಗಳು, ಬಿಚ್ಚಿಕೊಂಡ ಮೇಲೆ ಅದೇ ರೋಗಕ್ಕೆ ಮನೆ ಮಾಡಿಕೊಡುತ್ತದೆ.

ನೀರಿನ ವಿಷಯದಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮನೆಯೊಳಗಿನ ಸಸಿಗಳು ನೀರಿಲ್ಲದೆ ಸಾಯುವುದಕ್ಕಿಂತ ನಮ್ಮ ಅತಿಯಾದ ಉಪಚಾರದಿಂದ ಸಾಯುವುದೇ ಹೆಚ್ಚು. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿಕೊಂಡರೆ ಬೇರು ಉಸಿರಾಡಲಾಗದೆ ನಿಂತುಬಿಡುತ್ತದೆ. ಮೇಲ್ಮಣ್ಣು ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಒಣಗಿದ ಮೇಲೆ ಮಾತ್ರ ನೀರು ಕೊಡಿ. ಬುಡಕ್ಕೆ ಸುರಿಯದೆ, ಕಾಂಡದಿಂದ ಸ್ವಲ್ಪ ದೂರದಲ್ಲಿ ಸುತ್ತಲೂ ಹನಿಸಿ. ನೀರನ್ನು ಹುಡುಕಿಕೊಂಡು ಬೇರು ಹೊರಗೆ ಹರಡುತ್ತದೆ. ಕುಂಡವನ್ನು ಕೈಯಲ್ಲಿ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಂಡರೆ ಯಾವಾಗ ನೀರು ಬೇಕೆಂಬುದು ಬೇಗನೆ ತಿಳಿಯುತ್ತದೆ. ದೊಡ್ಡ ಕುಂಡದಲ್ಲಿ ಪುಟ್ಟ ಸಸಿ ಇದ್ದರೆ ಮಣ್ಣು ದಿನಗಟ್ಟಲೆ ಒಣಗುವುದಿಲ್ಲ, ಆದ್ದರಿಂದ ಮೊದಲಿಗೆ ಅಡಿಯಲ್ಲಿ ತೂತಿರುವ ಸಣ್ಣ ಕುಂಡವೇ ಸಾಕು.

ಗೊಬ್ಬರ ಬೆರೆತ ಮಣ್ಣು ಈ ಹಂತಕ್ಕೆ ಬೇಡ. ಬೀಜದಳಗಳಲ್ಲಿ ಇರುವ ಆಹಾರವೇ ಆರಂಭದ ದಿನಗಳಿಗೆ ಸಾಕಾಗುತ್ತದೆ. ಅಲ್ಲಿಯ ತೋಟದ ಅಂಗಡಿಗಳಲ್ಲಿ ಬೀಜ ಬಿತ್ತಲೆಂದೇ ಪೋಷಕಾಂಶ ಕಡಿಮೆ ಇರುವ ಹಗುರ ಮಣ್ಣು ಸಿಗುತ್ತದೆ. ಇಲ್ಲವಾದರೆ ತೆಂಗಿನ ನಾರಿನ ಪುಡಿಗೆ ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರ ಬಿಳಿ ಹರಳು) ಬೆರೆಸಿಕೊಳ್ಳಬಹುದು, ಆದರೆ ಅದರಲ್ಲಿ ಪೋಷಕಾಂಶ ಏನೂ ಇರದ ಕಾರಣ ನಿಜವಾದ ಎಲೆಗಳು ಬಂದ ಮೇಲೆ ತೆಳುವಾದ ದ್ರವ ಗೊಬ್ಬರ ಕೊಡಬೇಕಾಗುತ್ತದೆ.

ನೆಕರ್ ತೀರ

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಮೂಲ ಕಾರಣ ಬೆಳಕಿನ ಕೊರತೆ ಎಂಬುದು ನನ್ನ ಅಭಿಪ್ರಾಯ. ಮ್ಯೂನಿಕ್ ಸುಮಾರು 48 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಎಂಟೂವರೆ ಗಂಟೆಗೂ ಕಡಿಮೆ, ಅದರಲ್ಲಿಯೂ ಮೋಡದ ಮರೆಯ ಮಂಕು ಬೆಳಕೇ ಹೆಚ್ಚು. ಹಾಸನದಲ್ಲಿ ಚಳಿಗಾಲದಲ್ಲಿಯೂ ಹನ್ನೊಂದು ಗಂಟೆಗೂ ಮೀರಿ ಹಗಲು ಇರುವುದರಿಂದ ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಬೆಳಕು ಸಾಲದಾದಾಗ ಸಸಿ ತನ್ನ ಶಕ್ತಿಯನ್ನೆಲ್ಲ ಕಾಂಡವನ್ನು ಉದ್ದ ಮಾಡುವುದಕ್ಕೇ ವ್ಯಯಿಸುತ್ತದೆ. ಕೆಳಗಿನ ಹೀಟರಿನ ಬಿಸಿ ಆ ಓಟವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸಸಿಗಳನ್ನು ಕಿಟಕಿಯಿಂದ ತೆಗೆದು ಬಿಳಿ ಬೆಳಕಿನ ಎಲ್‌ಇಡಿ ದೀಪದ ಕೆಳಗೆ ಇರಿಸಿ, ದಿನಕ್ಕೆ 18 ಗಂಟೆ ಬೆಳಕು, 6 ಗಂಟೆ ಕತ್ತಲೆ ಸಿಗುವಂತೆ ಟೈಮರ್ ಹಾಕಿ. ಎಷ್ಟು ಎತ್ತರದಲ್ಲಿ ದೀಪ ಇರಬೇಕೆಂಬುದು ಅದರ ಶಕ್ತಿಯನ್ನು ಅವಲಂಬಿಸಿದೆ, ಆದ್ದರಿಂದ ತಯಾರಕರ ಸೂಚನೆಯನ್ನು ಅನುಸರಿಸಿ, ಬಳಿಕ ಸಸಿಯನ್ನೇ ಗಮನಿಸಿ: ಕಾಂಡ ನೀಳವಾಗುತ್ತಿದ್ದರೆ ದೀಪವನ್ನು ತಗ್ಗಿಸಬೇಕು, ಎಲೆಗಳ ಅಂಚು ಮೇಲಕ್ಕೆ ಮುದುಡಿ ಬಣ್ಣ ಪೇಲವವಾದರೆ ಏರಿಸಬೇಕು. ಕೋಣೆಯ ಉಷ್ಣಾಂಶ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಸಣ್ಣ ಫ್ಯಾನಿನಿಂದ ಎಲೆ ಅಲುಗುವಷ್ಟು ಮಾತ್ರ ಗಾಳಿ ಬರಲಿ. ಕಾಂಡ ಗಟ್ಟಿಯಾಗಲು ಅದು ಬಹಳ ಸಹಕಾರಿ. ಈಗಾಗಲೇ ನೀಳವಾಗಿರುವ ಸಸಿಗೆ ತೆಳುವಾದ ಕಡ್ಡಿಯೊಂದನ್ನು ಆಸರೆಯಾಗಿ ಕೊಡಿ.

ದೀಪದ ಖರ್ಚು ಬೇಡವೆಂದರೆ ವಸಂತ ಬರುವವರೆಗೆ ಕಾಯುವುದೇ ಮೇಲು. ಮೇ 11ರಿಂದ 15ರವರೆಗಿನ ದಿನಗಳನ್ನು ಇಲ್ಲಿಯವರು ಹಿಮ ಸಂತರ ದಿನಗಳೆಂದು ಕರೆಯುತ್ತಾರೆ, ಅವು ಕಳೆಯುವ ಮುನ್ನ ಟೊಮೆಟೊ ಸಸಿಯನ್ನೂ ಹೊರಗೆ ನೆಡುವುದಿಲ್ಲ. ಏಪ್ರಿಲ್‌ನಲ್ಲಿ ಮೊಳಕೆ ಬರಿಸಿದರೆ ಮೇ ನಡುವಿನ ಹೊತ್ತಿಗೆ ಸಸಿ ಹೊರಗಿನ ಬೆಳಕಿಗೆ ಸಿದ್ಧವಾಗಿರುತ್ತದೆ.

ಇಸಾರ್ ದಂಡೆ

ಇಬ್ಬರಿಗೂ ಕೃತಜ್ಞತೆಗಳು. ಹೊದಿಕೆಯನ್ನು ತೆಗೆದಿದ್ದೇನೆ, ದೀಪಕ್ಕೆ ಆರ್ಡರ್ ಮಾಡಿದ್ದೇನೆ. ತಲೆಯ ಮೇಲೆ ಉಳಿದಿರುವ ಸಿಪ್ಪೆಯನ್ನು ಬಿಡಿಸಬಹುದೇ? ಮುಂದಿನ ಸಲ ಬೀಜವನ್ನು ಎಷ್ಟು ಆಳಕ್ಕೆ ಇಳಿಸಬೇಕು? ಊರಿಗೆ ಬಂದಾಗ ಅಲ್ಲಿಂದ ಬೀಜ ತರಬಹುದೇ ಎಂದು ಗೆಳೆಯರೊಬ್ಬರು ಕೇಳುತ್ತಿದ್ದಾರೆ, ಅದನ್ನೂ ತಿಳಿಸಿ.

ಬೀಜದಳ

ಸಿಪ್ಪೆಯನ್ನು ಒಣಗಿರುವಾಗ ಎಳೆದರೆ ಬೀಜದಳಗಳೂ ಕಿತ್ತು ಬರುತ್ತವೆ. ಅದರ ಮೇಲೆ ಒಂದು ಹನಿ ನೀರು ಇಟ್ಟು, ಮೆತ್ತಗಾಗಲು ಸಮಯ ಕೊಟ್ಟು, ಚಿಮಟದ ತುದಿಯಿಂದ ಎರಡು ಹೋಳನ್ನು ಮೆಲ್ಲನೆ ಅಗಲಿಸಿ. ಸಿಪ್ಪೆಯ ಒಳಗಿನ ತೆಳು ಪೊರೆ ಅಂಟಿಕೊಂಡಿದ್ದರೆ ಅದನ್ನೂ ಹೀಗೆಯೇ ನೆನೆಸಿ ಬಿಡಿಸಬೇಕು. ಬೀಜವನ್ನು ತೀರ ಮೇಲೆ ಬಿತ್ತಿದಾಗ ಸಿಪ್ಪೆ ಹೀಗೆ ಉಳಿಯುವುದು ಹೆಚ್ಚು, ಏಕೆಂದರೆ ಮೇಲೇರುವ ಸಸಿಯ ತಲೆಯಿಂದ ಅದನ್ನು ಉಜ್ಜಿ ಕಳಚುವುದು ಒದ್ದೆ ಮಣ್ಣೇ. ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳ ಸರಿಯಾದ ಅಳತೆ.

ಮೊಳಕೆಯ ವಿಧಾನ ನಾವು ಹುರುಳಿ ಮೊಳಕೆ ಕಟ್ಟುವುದಕ್ಕಿಂತ ಬಹಳ ಬೇರೆಯೇನಲ್ಲ: ಬಟ್ಟೆ ಒದ್ದೆಯಿರಬೇಕು, ನೀರು ನಿಂತಿರಬಾರದು. ಟಿಶ್ಯೂ ಕಾಗದವನ್ನು ಹಿಂಡಿ ಬಳಸಿ, 24 ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲಿ ಮುಳುಗಿಸಿಡಬೇಡಿ. ಹೊಸ ಬೀಜವಾದರೆ ಒಂದರಿಂದ ಮೂರು ದಿನಗಳಲ್ಲಿ ಬೇರು ಕಾಣಿಸುತ್ತದೆ, ಹಳೆಯದಾದರೆ ವಾರ ಹಿಡಿಯಬಹುದು. ಬೇರು ಒಂದು ಸೆಂಟಿಮೀಟರ್ ಆಗುವ ಮೊದಲೇ, ಬೇರನ್ನು ಮುಟ್ಟದೆ ಸಿಪ್ಪೆಯನ್ನು ಹಿಡಿದು, ಬೇರು ಕೆಳಮುಖವಾಗುವಂತೆ ಮಣ್ಣಿಗೆ ಇಳಿಸಿ. ಉದ್ದವಾದ ಬೇರು ಕಾಗದದ ಎಳೆಗಳಿಗೆ ಸಿಕ್ಕಿ ಮುರಿಯುತ್ತದೆ. ನನ್ನನ್ನು ಕೇಳಿದರೆ ಕಾಗದವೂ ಬೇಡ, ನೆನೆಸಿದ ಬೀಜವನ್ನು ನೇರವಾಗಿ ತೇವದ ಮಣ್ಣಿಗೆ ಬಿತ್ತುವುದೇ ಸುರಕ್ಷಿತ. ಹೂ ಬಿಡಲು ಬೆಳಕಿನ ಅವಧಿಯನ್ನು ಅವಲಂಬಿಸದ, ವಯಸ್ಸಿಗೆ ತಕ್ಕಂತೆ ತಾನೇ ಹೂ ಬಿಡುವ ತಳಿ ನಿಮ್ಮದಾಗಿದ್ದರೆ ಕೊನೆಯ ಕುಂಡಕ್ಕೇ ಬಿತ್ತಿಬಿಡಿ, ಅದಕ್ಕೆ ಕುಂಡ ಬದಲಾವಣೆಯಿಂದ ಚೇತರಿಸಿಕೊಳ್ಳಲು ಸಮಯ ಇರುವುದಿಲ್ಲ. ದೊಡ್ಡ ಕುಂಡ ತಡವಾಗಿ ಒಣಗುತ್ತದೆಯಾದ್ದರಿಂದ ಅಂಥಲ್ಲಿ ಬೀಜದ ಸುತ್ತ ಮಾತ್ರ ನೀರು ಹನಿಸಬೇಕು.

ಮೊದಲು ಬಿಚ್ಚಿಕೊಳ್ಳುವ ನುಣುಪಾದ ಎರಡು ಬೀಜದಳಗಳು ಕೆಲವು ವಾರಗಳ ನಂತರ ಹಳದಿಯಾಗಿ ಉದುರಿದರೆ ಗಾಬರಿಯಾಗಬೇಡಿ. ಗರಗಸದ ಅಂಚಿನ ಎಲೆಗಳು ಹಸಿರಾಗಿ ಇದ್ದರೆ ಸಸಿ ಆರೋಗ್ಯವಾಗಿದೆ.

ಫ್ರಾಂಕ್‌ಫರ್ಟ್ ಕನ್ನಡಿಗ

ಗೆಳೆಯರ ಪ್ರಶ್ನೆಗೆ ಸ್ಪಷ್ಟವಾದ ಉತ್ತರ: ತರಬಾರದು. ಮನೆಯ ಬೆಳೆಗಾಗಿ ಬೀಜವನ್ನು ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರಗಳಿಂದ ತರಿಸಿಕೊಳ್ಳಲು ಮಾತ್ರ ಜರ್ಮನಿಯ ಕಾನೂನು ಅನುಮತಿಸಿದೆ. ಇಲ್ಲಿಂದ ಬೀಜ ಒಯ್ದು ಊರಿನಲ್ಲಿ ಬಿತ್ತುವ ಯೋಚನೆಯನ್ನಂತೂ ಯಾರೂ ಮಾಡಬೇಡಿ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ (ಮಾದಕ ವಸ್ತುಗಳ ನಿಯಂತ್ರಣ ಕಾನೂನು) ಗಾಂಜಾ ಗಿಡ ಬೆಳೆಸಿದವರಿಗೆ 10 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಿತ್ತಿಲಲ್ಲಿ ಒಂದೇ ಗಿಡವಿದ್ದರೂ ಅದು ಅಪರಾಧವೇ.

ಜರ್ಮನಿಯಲ್ಲಿಯೂ ಷರತ್ತುಗಳಿವೆ. ವಯಸ್ಸು 18 ತುಂಬಿರಬೇಕು, ಕನಿಷ್ಠ ಆರು ತಿಂಗಳಿಂದ ಇಲ್ಲಿ ವಾಸವಿರಬೇಕು, ಬೆಳೆದದ್ದನ್ನು ಮಾರುವಂತಿಲ್ಲ, ಗೆಳೆಯರಿಗೆ ಉಚಿತವಾಗಿ ಹಂಚುವಂತೆಯೂ ಇಲ್ಲ. ಮನೆಯಲ್ಲಿ ಇರಿಸಿಕೊಳ್ಳಬಹುದಾದ ಒಣ ಸರಕಿನ ಮಿತಿ 50 ಗ್ರಾಂ. ಕೆಲವು ಸಸಿ ಸಾಯಬಹುದೆಂಬ ಲೆಕ್ಕದಲ್ಲಿ ಹೆಚ್ಚು ಬೀಜ ಬಿತ್ತಿ, ಎಲ್ಲವೂ ಬದುಕಿದಾಗ ಪೇಚಿಗೆ ಸಿಲುಕಬೇಡಿ. ಒಮ್ಮೆಗೆ ಮೂರಕ್ಕಿಂತ ಹೆಚ್ಚು ಮೊಳಕೆ ಬರಿಸದಿರುವುದು ಕ್ಷೇಮ.

ಗಿಡ, ಬೀಜ, ಬೆಳೆ ಯಾವುದೂ ಮಕ್ಕಳ ಕೈಗೆ ಹಾಗೂ ಹೊರಗಿನವರ ಕೈಗೆ ಸಿಗದಂತೆ ಭದ್ರಪಡಿಸುವುದು ಬೆಳೆಸುವವರ ಕಾನೂನುಬದ್ಧ ಹೊಣೆ. ಮನೆಯಲ್ಲಿ ಮಕ್ಕಳಿದ್ದರೆ ಕಿಟಕಿಯ ಕಟ್ಟೆ ಸರಿಯಾದ ಜಾಗವೇ ಅಲ್ಲ, ಬೀಗ ಹಾಕುವ ಕೋಣೆ ಅಥವಾ ಕಪಾಟು ಬೇಕು. ಹೇಗೂ ದೀಪಕ್ಕೆ ಆರ್ಡರ್ ಮಾಡಿದ್ದೀರಿ, ಅದು ತಲುಪಿದ ದಿನವೇ ಕುಂಡಗಳನ್ನು ಒಳಗಿನ ಕೋಣೆಗೆ ಸ್ಥಳಾಂತರಿಸಿ ಬಾಗಿಲಿಗೆ ಬೀಗ ಹಾಕಿಸಿ.