ಗ್ಯಾಲರಿಯ ಮಲ್ಲಿಗೆ: ಎಲೆ ಸೊಂಪು, ಹೂ ಇಲ್ಲ – ಈ ವಾರದ ಪ್ರಶ್ನೋತ್ತರ

ಈ ವಾರ ಗಿಡ ಬೆಳೆಸುವವರ ನಮ್ಮ ಗುಂಪಿನಲ್ಲಿ ಮಲ್ಲಿಗೆಯ ಸರದಿ. ಮುಂಬಯಿಯ ಹಲವು ವಸತಿ ಸಂಕೀರ್ಣಗಳ ತೋಟ ನೋಡಿಕೊಳ್ಳುವ, ತೋಟಗಾರಿಕೆ ಓದಿದ ನಮ್ಮ ಸದಸ್ಯರೊಬ್ಬರು ಉತ್ತರಿಸುತ್ತಿದ್ದಾರೆ. ಗಿಡದ ಚಿತ್ರ ಹಾಕುವವರು ಎಲೆಯ ಹಿಂಬದಿಯ ಚಿತ್ರವನ್ನೂ ಹಾಕಬೇಕೆಂದು ಅವರ ಕೋರಿಕೆ.

ಪ್ರಶ್ನೆ (ಡೊಂಬಿವಲಿ ಪೂರ್ವ): ಉಡುಪಿ ಹತ್ತಿರದ ಶಂಕರಪುರದಲ್ಲಿ ನನ್ನ ತವರು. ಎರಡು ವರ್ಷದ ಹಿಂದೆ ಅಲ್ಲಿಂದ ಮಲ್ಲಿಗೆ ಗಿಡ ತಂದು ಹನ್ನೆರಡು ಇಂಚಿನ ಕುಂಡದಲ್ಲಿ ನೆಟ್ಟಿದ್ದೇನೆ. ನಾಲ್ಕನೇ ಮಹಡಿ, ದಕ್ಷಿಣಕ್ಕೆ ಮುಖ ಮಾಡಿದ ಗ್ಯಾಲರಿ (ಬಾಲ್ಕನಿ). ಗಿಡ ಆಳೆತ್ತರ ಬೆಳೆದಿದೆ, ಎಲೆ ಕಡುಹಸಿರು. ಹೂ ಎಂದರೆ ಅಲ್ಲೊಂದು ಇಲ್ಲೊಂದು. ಮೂಲೆ ಮನೆಯ ಕಾಕು (ಚಿಕ್ಕಮ್ಮ) ಅವರ ಮೋಗ್ರಾ, ಅಂದರೆ ದುಂಡುಮಲ್ಲಿಗೆ, ಗೇಣುದ್ದ ಇದ್ದರೂ ಮೊಗ್ಗು ತುಂಬಿಕೊಂಡು ನಿಂತಿದೆ. ಎರೆಗೊಬ್ಬರ, ಚಹಾ ಚರಟ, ಅಕ್ಕಿ ತೊಳೆದ ನೀರು ಎಲ್ಲವನ್ನೂ ಹಾಕಿ ನೋಡಿದೆ. ಇನ್ನು ಯಾವ ಗೊಬ್ಬರ ಹಾಕಲಿ?

ಉತ್ತರ: ಗೊಬ್ಬರದ ಮಾತು ಆಮೇಲೆ. ಎಲೆ ಕಡುಹಸಿರಾಗಿ ಗಿಡ ಎತ್ತರಕ್ಕೆ ಹೋಗಿದೆ ಎಂದರೆ ಅದು ಹಸಿದಿಲ್ಲ. ನನಗೆ ಎರಡೇ ವಿಷಯ ತಿಳಿಯಬೇಕು. ನೇರ ಬಿಸಿಲು ಎಷ್ಟು ಗಂಟೆ ಬೀಳುತ್ತದೆ? ಕೊನೆಯ ಸಲ ಕತ್ತರಿ ಹಾಕಿದ್ದು ಯಾವಾಗ?

ಡೊಂಬಿವಲಿ: ಬಿಸಿಲಿಗೇನೂ ಕೊರತೆ ಇಲ್ಲ. ಡಿಸೆಂಬರಿನಲ್ಲಿ ಹಾಲ್‌ನ ಸೋಫಾದವರೆಗೂ ಬರುತ್ತದೆ. ಕತ್ತರಿ ಹಾಕಿಲ್ಲ. ತವರಿನ ಗಿಡ, ಕೈ ಬರಲಿಲ್ಲ.

ಉತ್ತರ: ಎರಡಕ್ಕೂ ಉತ್ತರ ಸಿಕ್ಕಿತು.

ಮೊದಲು ಬಿಸಿಲು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ದಕ್ಷಿಣದ ಗ್ಯಾಲರಿಯೊಳಗೆ ಬಿಸಿಲು ಉದ್ದಕ್ಕೂ ಚಾಚುತ್ತದೆ. ಆದರೆ ಆಗ ದುಂಡುಮಲ್ಲಿಗೆಗೆ ನಿದ್ದೆಯ ಕಾಲ. ಅದು ಹೂ ಬಿಡುವುದು ಮಾರ್ಚಿನಿಂದ ಮಳೆ ಹಿಡಿಯುವ ತನಕ, ಜೋರಾಗಿ. ಏಪ್ರಿಲ್ ಬಂದ ಹಾಗೆ ಸೂರ್ಯ ನೆತ್ತಿಗೆ ಏರುತ್ತಾನೆ. ಮುಂಬಯಿಯಲ್ಲಿ ಮೇ ತಿಂಗಳ ನಡುವೆ ಒಮ್ಮೆ, ಜುಲೈ ಕೊನೆಯಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯ ಸರಿಯಾಗಿ ತಲೆಯ ಮೇಲಿರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಇವೆರಡರ ನಡುವಿನ ದಿನಗಳಲ್ಲಿ ಅವನು ಇನ್ನೂ ಉತ್ತರಕ್ಕೆ ಸರಿದಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ನೇರ ಬಿಸಿಲು ತಾಗುವುದೇ ಇಲ್ಲ. ಅದರ ಮೇಲೆ ಮೇಲ್ಮನೆಯ ಸ್ಲ್ಯಾಬ್ ಬೇರೆ. ನಿಮ್ಮ ಕಣ್ಣಿಗೆ ಗ್ಯಾಲರಿ ಬೆಳ್ಳಗೆ ಕಾಣುತ್ತದೆ, ಸೆಖೆ ಉರಿಯುತ್ತದೆ, ಗಿಡಕ್ಕೆ ಮಾತ್ರ ಅದು ನೆರಳು. ಸೆಖೆಯನ್ನು ಬಿಸಿಲೆಂದು ಎಣಿಸುವುದು ಈ ಊರಿನಲ್ಲಿ ನಾನು ದಿನವೂ ಕಾಣುವ ತಪ್ಪು ಲೆಕ್ಕ.

ಪರೀಕ್ಷೆ ಸುಲಭ. ರಜೆಯ ದಿನ ಗಂಟೆಗೊಮ್ಮೆ ಎಲೆಯ ಮೇಲೆ ಅಂಗೈ ಹಿಡಿದು ನೋಡಿ. ನೆರಳಿನಲ್ಲಿ ಐದು ಬೆರಳು ಬೇರೆ ಬೇರೆಯಾಗಿ ಕಂಡರೆ ಅದು ಬಿಸಿಲು. ಮಸುಕು ಕಲೆ ಕಂಡರೆ ಬರಿಯ ಬೆಳಕು. ಮಲ್ಲಿಗೆಗೆ ಆರು ಗಂಟೆ ಸಿಕ್ಕರೆ ಉತ್ತಮ, ನಾಲ್ಕಾದರೂ ಬೇಕು. ಮೂಲೆ ಮನೆಯ ಕಿಟಕಿ ಯಾವ ದಿಕ್ಕಿಗೆ ಎಂದು ಕಾಕು ಅವರನ್ನು ಕೇಳಿ.

ಇನ್ನು ಕತ್ತರಿ. ಮಲ್ಲಿಗೆ ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿ ಎಷ್ಟು ಉದ್ದವಿದ್ದರೂ ಅದರಿಂದ ಹೂವಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನೊಳಗೆ ದೊಡ್ಡ ಕಟಾವು ಆಗಬೇಕು. ಅದಕ್ಕೆ ವಾರ ಹತ್ತು ದಿನ ಮೊದಲೇ ನೀರು ಕಡಿಮೆ ಮಾಡಿ. ಕುಂಡದ ಗಿಡವಾದ್ದರಿಂದ ಪೂರ್ತಿ ನಿಲ್ಲಿಸಬೇಡಿ. ಎಲೆ ಸ್ವಲ್ಪ ಬಾಡಿ ಉದುರಲು ಶುರುವಾದಾಗ ಕುಂಡದ ಮಣ್ಣಿನಿಂದ ಒಂದೂವರೆ ಅಡಿಗೆ ಇಳಿಸಿ ಕತ್ತರಿಸಿ. ಒಣಗಿದ, ಕೂದಲಿನಷ್ಟು ಸಪೂರದ, ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಉಳಿದ ಎಲೆಗಳನ್ನು ಕೈಯಲ್ಲೇ ಸವರಿಬಿಡಿ. ಮೇಲಿನ ಎರಡು ಇಂಚು ಮಣ್ಣು ಕೆದಕಿ ತೆಗೆದು ಅಷ್ಟೇ ಹಳೆಯ ಗೊಬ್ಬರ ತುಂಬಿ ನೀರು ಕೊಡಿ. ನೋಡಲು ಬರಿಯ ಕಡ್ಡಿಗಳ ಕಟ್ಟು; ಮನೆಯವರು ಬೈಯುತ್ತಾರೆ, ಬೈಯಲಿ. ಎರಡು ಮೂರು ವಾರದಲ್ಲಿ ಗಂಟು ಗಂಟಿನಲ್ಲೂ ಕೆಂಪುಹಸಿರು ಚಿಗುರು ಕಣ್ಣು ಬಿಡುತ್ತದೆ, ಮಾರ್ಚ್ ಹೊತ್ತಿಗೆ ಮೊಗ್ಗು.

ಈಗ ಏಪ್ರಿಲ್, ದೊಡ್ಡ ಕಟಾವಿನ ಕಾಲ ಕಳೆಯಿತು. ಸದ್ಯಕ್ಕೆ ಪ್ರತಿ ರೆಂಬೆಯ ತುದಿಯಿಂದ ಎರಡು ಜೋಡಿ ಎಲೆಯಷ್ಟು ಮಾತ್ರ ಚಿವುಟಿ. ಬಿಸಿಲಿಗೆ ಇಟ್ಟರೆ ಮಳೆಗೆ ಮೊದಲೇ ಒಂದು ಸರದಿ ಹೂ ನೋಡಬಹುದು. ಅದು ಮುಗಿದ ಮೇಲೆ ಹೂ ಬಿಟ್ಟ ತುದಿಗಳನ್ನು ಮತ್ತೆ ಚಿವುಟಿ.

ಡೊಂಬಿವಲಿ: ಕಾಕು ಅವರ ಕಿಟಕಿ ಪೂರ್ವಕ್ಕೆ! ಬೆಳಿಗ್ಗೆ ಹನ್ನೊಂದರವರೆಗೂ ಬಿಸಿಲಂತೆ. ನಮ್ಮ ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ, ಗ್ರಿಲ್ ಹೊರಚಾಚಿದೆ. ಮೇಲೆ ಪಾರಿವಾಳ ಬರಬಾರದೆಂದು ಪತ್ರಾ (ತಗಡು) ಹಾಕಿಸಿದ್ದೇವೆ.

ಉತ್ತರ: ಅಲ್ಲಿಗೇ ಸಾಗಿಸಿ. ಪಶ್ಚಿಮದ ಬಿಸಿಲು ಓರೆಯಾಗಿ ಬೀಳುವುದರಿಂದ ಪತ್ರಾ ಅಷ್ಟು ಅಡ್ಡ ಬರುವುದಿಲ್ಲ. ಆದರೆ ಮೇ ತಿಂಗಳಲ್ಲಿ ಮಧ್ಯಾಹ್ನ ಕುಂಡದ ಗೋಡೆ ಕಾದು ಅಂಚಿನ ಬೇರು ಬೇಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಾದರೆ ಗೋಣಿಚೀಲ ಸುತ್ತಿ. ಕುಂಡ ಗ್ರಿಲ್‌ನ ಒಳಗೇ ಇರಲಿ, ಅಂಚಿನ ಮೇಲೆ ಬೇಡ. ಕೆಳಗೆ ಜನ ನಡೆಯುತ್ತಾರೆ.

ಪ್ರಶ್ನೆ (ಮುಲುಂಡ್): ಊರಿನಲ್ಲಿ ಮಲ್ಲಿಗೆಗೆ ನೆಲಗಡಲೆ ಹಿಂಡಿ ಕೊಳೆಸಿ ಹಾಕುತ್ತಾರೆ. ಫ್ಲ್ಯಾಟ್‌ನಲ್ಲಿ ಹಾಕಬಹುದೇ?

ಉತ್ತರ: ಗಿಡ ಸಂತೋಷಪಡುತ್ತದೆ, ಸೊಸೈಟಿಯ ಕಾರ್ಯದರ್ಶಿ ಪಡುವುದಿಲ್ಲ. ಕೊಳೆತ ಹಿಂಡಿಯ ವಾಸನೆ ಎರಡು ಮಹಡಿ ದಾಟುತ್ತದೆ. ಒಣ ಬೇವಿನ ಹಿಂಡಿ ಒಂದು ಹಿಡಿ ಮಣ್ಣಿನಲ್ಲಿ ಬೆರೆಸಿದರೆ ಸಾಕು, ವಾಸನೆ ಅಷ್ಟಿಲ್ಲ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಎರಡು ತಿಂಗಳಿಗೊಮ್ಮೆ ಒಂದು ದೊಡ್ಡ ಚಮಚ ಮೂಳೆಪುಡಿ. ಮೂಳೆಪುಡಿ ಬೇಡವೆನ್ನುವವರಿಗೆ ಶಿಲಾರಂಜಕ (ರಾಕ್ ಫಾಸ್ಫೇಟ್). ಸಾರಜನಕ ಹೆಚ್ಚಾದರೆ ಎಲೆಯೇ ಎಲೆ. ಹೊಲದ ಮಲ್ಲಿಗೆಗೂ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ವರ್ಷಕ್ಕೆ ಗಿಡವೊಂದಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್. ಕುಂಡಕ್ಕೆ ಇಷ್ಟು ಹಾಕಿಬಿಟ್ಟೀರಿ! ಪ್ರಮಾಣದ ಅಂದಾಜು ಸಿಗಲಿ ಎಂದು ಹೇಳಿದೆ.

ಮತ್ತೊಬ್ಬ ಸದಸ್ಯರು (ಮೀರಾ ರೋಡ್): ಎಪ್ಸಮ್ ಉಪ್ಪು ಹಾಕಿದರೆ ಹೂ ಬರುತ್ತದೆ ಎಂದು ವಿಡಿಯೋದಲ್ಲಿ ಹೇಳುತ್ತಾರಲ್ಲ?

ಉತ್ತರ: ವಿಡಿಯೋದಲ್ಲಿ ಬರುತ್ತದೆ. ಅದರಲ್ಲಿರುವುದು ಮೆಗ್ನೀಷಿಯಂ ಮತ್ತು ಗಂಧಕ. ಹಳೆಯ ಎಲೆಗಳು ನರದ ನಡುವೆ ಹಳದಿಯಾಗಿದ್ದರೆ ಲೀಟರಿಗೆ ಒಂದು ಚಿಕ್ಕ ಚಮಚ ಕರಗಿಸಿ ಕೊಡಿ. ನೆರಳಿನ ಗಿಡಕ್ಕೆ ಅದು ಹೂ ತರಿಸುವುದಿಲ್ಲ.

ಪ್ರಶ್ನೆ (ಅಂಧೇರಿ): ಮೊಗ್ಗು ಬರುತ್ತದೆ, ಆದರೆ ಅರಳುವ ಮೊದಲೇ ನೇರಳೆಗೆಂಪಾಗಿ ಉದುರುತ್ತದೆ. ಸಮುದ್ರದ ಗಾಳಿಯ ಉಪ್ಪಿನಿಂದಲೇ?

ಉತ್ತರ: ಚಿತ್ರ ನೋಡಿದೆ, ಇದು ಹುಳದ ಕೆಲಸ. ಅರಳಿದ ಹೂ ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ವಯಸ್ಸು, ಚಿಂತೆ ಬೇಡ. ಬಿಗಿದ ಮೊಗ್ಗೇ ಬಣ್ಣ ತಿರುಗಿದರೆ ಉಗುರಿನಿಂದ ಸೀಳಿ ನೋಡಿ. ಬುಡದ ಬಳಿ ಉಬ್ಬಿಕೊಂಡಿದ್ದು ಒಳಗೆ ಎಳ್ಳಿಗಿಂತ ಸಣ್ಣ, ಬಿಳಿಹಳದಿ ಮರಿಗಳಿದ್ದರೆ ಹೂನೊಣ. ಮೊಗ್ಗಿನ ಮೇಲೆ ದುಂಡು ತೂತು, ಒಳಗೆ ಕಪ್ಪು ತಲೆಯ ಹಸಿರು ಹುಳ, ಪಕ್ಕದ ಮೊಗ್ಗುಗಳನ್ನು ಸೇರಿಸಿ ಬಲೆ ಕಟ್ಟಿದ್ದರೆ ಮೊಗ್ಗು ಕೊರಕ.

ಉದುರಿದ ಮೊಗ್ಗನ್ನು ಗೊಬ್ಬರವಾಗಲಿ ಎಂದು ಅದೇ ಕುಂಡಕ್ಕೆ ಹಾಕುವವರಿದ್ದಾರೆ. ಹೂನೊಣದ ಮರಿ ಮಣ್ಣಿಗಿಳಿದು ಕೋಶ ಕಟ್ಟಿ ಅಲ್ಲಿಂದಲೇ ಮತ್ತೆ ಹಾರುತ್ತದೆ. ನೀವು ಅದಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಕೆಂಪಾದುದನ್ನೆಲ್ಲ ದಿನವೂ ಆಯ್ದು ಚೀಲದಲ್ಲಿ ಕಟ್ಟಿ ಬಿಸಾಡಿ. ವಾರಕ್ಕೊಮ್ಮೆ ಮೇಲ್ಮಣ್ಣು ಕೆದಕಿ ಬಿಸಿಲಿಗೆ ಬಿಡಿ. ಮೊಗ್ಗು ಸಾಸಿವೆಯಷ್ಟಿರುವಾಗಲೇ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ, ವಾರಕ್ಕೊಮ್ಮೆ. ಹುಳ ಒಳಸೇರಿದ ಮೇಲೆ ಯಾವ ಎಣ್ಣೆಯೂ ಅದನ್ನು ಮುಟ್ಟದು. ಬಟ್ಟೆ ಒಣಗುವ, ಮಕ್ಕಳು ಓಡಾಡುವ ಗ್ಯಾಲರಿಯಲ್ಲಿ ಹೊಲದ ಕೀಟನಾಶಕ ಹೊಡೆಯಿರಿ ಎಂದು ನಾನು ಹೇಳುವುದಿಲ್ಲ; ಮೇಲಾಗಿ ಹೂ ಮುಡಿಯುವುದಕ್ಕೂ ದೇವರಿಗೂ.

ಪ್ರಶ್ನೆ (ಥಾಣೆ): ಎಲೆ ಹಳದಿ.

ಉತ್ತರ: ಯಾವ ಎಲೆ? ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ಹಾಕುವ ಕಡೆ ಇದು ಹೆಚ್ಚು: ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಕೀಲೇಟ್ ರೂಪದ, ಅಂದರೆ ಬೇರು ಸುಲಭವಾಗಿ ಹೀರುವಂಥ ಕಬ್ಬಿಣ ಕೊಡಿ, ಸಾಧ್ಯವಾದರೆ ನಲ್ಲಿಯ ನೀರಿಗೆ ಬದಲಿಸಿ. ಇಡೀ ಗಿಡ ಹಳದಿಯಾಗಿ ಮಣ್ಣು ಸದಾ ಒದ್ದೆಯಿದ್ದರೆ ಬೇರು ಕೊಳೆಯುತ್ತಿದೆ. ನರ್ಸರಿಯಿಂದ ತಂದ ಗಿಡವೇ? ಹಾಗಿದ್ದರೆ ಬುಡದ ಜಿಗುಟು ಮಣ್ಣಿನ ಉಂಡೆ ನೋಡಿ. ದೂರ ಸಾಗಿಸಲು ಕಟ್ಟಿದ ಆ ಉಂಡೆ ಒಣಗಿದರೆ ಕಲ್ಲು, ನೆನೆದರೆ ಕೆಸರು. ಹೊರಪದರವನ್ನು ನೀರಿನಲ್ಲಿ ಮೆಲ್ಲಗೆ ಬಿಡಿಸಿ, ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ನೆಡಿ.

ಪ್ರಶ್ನೆ (ಪುಣೆ): ಎಲೆಯ ಹಿಂದೆ ಧೂಳಿನಂಥ ಜೇಡರ ಬಲೆ, ಎಲೆ ಮಂಕು.

ಉತ್ತರ: ಕೆಂಪು ನುಸಿ. ಪುಣೆಯ ಒಣ ಬೇಸಿಗೆ ಅದಕ್ಕೆ ಹಬ್ಬ. ಎರಡು ದಿನಕ್ಕೊಮ್ಮೆ ಎಲೆಯ ಹಿಂಬದಿಗೆ ರಭಸವಾಗಿ ನೀರು ಹೊಡೆಯಿರಿ. ಹೋಗದಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ, ತಂಪು ಹೊತ್ತಿನಲ್ಲಿ. ಬೇವಿನ ಎಣ್ಣೆ ಹೊಡೆದು ಎರಡು ವಾರವಾಗುವ ತನಕ ಗಂಧಕ ಬೇಡ, ಎಲೆ ಸುಡುತ್ತದೆ.

ಪ್ರಶ್ನೆ (ಘಾಟ್ಕೋಪರ್): ಮಳೆಗಾಲದಲ್ಲಿ ಒಳಗೆ ಇಡಬೇಕೇ?

ಉತ್ತರ: ಬೇಡ, ಕರಾವಳಿಯ ಗಿಡ ಮಳೆಗೆ ಹೆದರುವುದಿಲ್ಲ. ಕುಂಡದಡಿಯ ತಟ್ಟೆ ಮಾತ್ರ ತೆಗೆದುಬಿಡಿ. ನಿಂತ ನೀರಿನಲ್ಲಿ ಬೇರೂ ಕೊಳೆಯುತ್ತದೆ, ಡೆಂಗಿಯ ಸೊಳ್ಳೆಯೂ ಬೆಳೆಯುತ್ತದೆ. ಸುರಿಮಳೆಯಲ್ಲಿ ಗೊಬ್ಬರ ಹಾಕಿದರೆ ಅದು ಕೆಳಮನೆಯವರ ಗೋಡೆಗೆ. ಸಸಿ ಮಾಡಲು ಜುಲೈ ಒಳ್ಳೆಯ ತಿಂಗಳು. ಪೂರ್ತಿ ಎಳೆಯದೂ ಅಲ್ಲ, ಬಲಿತದ್ದೂ ಅಲ್ಲ ಎನ್ನುವಂಥ ಕಡ್ಡಿಯನ್ನು ಗೇಣುದ್ದಕ್ಕೆ, ಗಂಟಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗಂಟು ಮುಚ್ಚುವಂತೆ ಮರಳು ಬೆರೆತ ಮಣ್ಣಿಗೆ ಊರಿ ನೆರಳಿನಲ್ಲಿಡಿ. ಬೇರು ಬರಲು ಒಂದು ತಿಂಗಳಿಗೂ ಮೇಲೆ ಬೇಕು. ನಡುವೆ ಎಳೆದು ನೋಡಬೇಡಿ.

ಪ್ರಶ್ನೆ (ವಾಶಿ): ಮಗಳ ಸೀಮಂತಕ್ಕೆ ಮನೆಯ ಗಿಡದ್ದೇ ಒಂದು ಚೆಂಡು ಮಲ್ಲಿಗೆ ಆಗಬೇಕೆಂದು ಆಸೆ. ಎಷ್ಟು ಕುಂಡ ಇಡಲಿ?

ಉತ್ತರ: ಮಲ್ಲಿಗೆಗೆ ಹೆಸರಾದ ಶಂಕರಪುರದ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಗ್ಯಾಲರಿಯ ಗಿಡ ಒಳ್ಳೆಯ ಸರದಿಯಲ್ಲಿ ದಿನಕ್ಕೆ ಹತ್ತಿಪ್ಪತ್ತು ಕೊಟ್ಟರೆ ಹೆಚ್ಚು. ಚೆಂಡನ್ನು ಮಾಟುಂಗಾದ ಹೂ ಮಾರುಕಟ್ಟೆಯಲ್ಲಿ ಕೊಳ್ಳಿ; ಮಗಳ ಮುಡಿಯ ಒಂದು ಮೊಳಕ್ಕೆ ಎರಡು ಮೂರು ಕುಂಡ ಸಾಕಾದೀತು. ಬೆಳಿಗ್ಗೆ ಬಿಸಿಲೇರುವ ಮೊದಲು, ಪೂರ್ತಿ ಬಿಳಿಯಾದ ಆದರೆ ಬಿರಿಯದ ಮೊಗ್ಗನ್ನು ತೊಟ್ಟಿನ ಸಮೇತ ಬಿಡಿಸಿ, ಬಾಳೆಎಲೆಯಲ್ಲಿ ಸುತ್ತಿಡಿ. ಹಸಿರು ಛಾಯೆಯಿರುವ ಮೊಗ್ಗನ್ನು ಮುಟ್ಟಬೇಡಿ, ಅದು ಸಂಜೆಗೂ ಅರಳುವುದಿಲ್ಲ.