ಎರಡು ಸಲ ವೆಸಿಕ್ಯುಲರ್ ಮೋಲ್: ಸಂಬಂಧದಲ್ಲಿ ಮದುವೆಯಾದದ್ದಕ್ಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಎರಡು ಸಲ ಬಸಿರಾದೆ, ಎರಡು ಸಲವೂ ವೆಸಿಕ್ಯುಲರ್ ಮೋಲ್, ಅದರಲ್ಲೂ ಮಗುವೇ ಬೆಳೆಯದ ಕಂಪ್ಲೀಟ್ ಮೋಲ್ ಅಂತ ಸಕ್ಷನ್ ಮಾಡಿ ತೆಗೆದರು. ಸ್ಕ್ಯಾನಿಂಗ್‌ನಲ್ಲಿ ಮಗುವೇ ಇಲ್ಲ, ಬರೀ ದ್ರಾಕ್ಷಿ ಗೊಂಚಲಿನ ಥರ ಗುಳ್ಳೆಗಳು. ನಾನು ಸೋದರಮಾವನ ಮಗನನ್ನೇ ಮದುವೆಯಾಗಿದ್ದೇನೆ. ಅದಕ್ಕೇ ಹೀಗಾಯಿತಾ? ಅತ್ತೆಯಂತೂ ಗ್ರಹಣದ ದಿನ ಹೊರಗೆ ಓಡಾಡಿದ್ದಕ್ಕೆ ಅಂತಾರೆ.

ಉತ್ತರ: ಗ್ರಹಣದ ಮಾತು ಬಿಡಿ ಅಮ್ಮಾ. ಒಂದು ಸಲ ಮೋಲ್ ಆದವರಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಮತ್ತೆ ಆಗುತ್ತದೆ, ಅಷ್ಟೆ. ಎರಡು ಸಲ ಆದರೆ ಮೂರನೇ ಸಲದ ಸಾಧ್ಯತೆ ನೂರಕ್ಕೆ 15-20ರ ಹತ್ತಿರ ಹೋಗುತ್ತದೆ, ಆಗ ಕಾರಣ ಹುಡುಕಲೇಬೇಕು.

ಸಾಮಾನ್ಯ ಕಂಪ್ಲೀಟ್ ಮೋಲ್‌ನಲ್ಲಿ ತಾಯಿಯ ಕ್ರೋಮೊಸೋಮ್ ಇರುವುದಿಲ್ಲ, ಎಲ್ಲಾ ತಂದೆಯದೇ. ಅದು ಹೆಚ್ಚಾಗಿ ಆಕಸ್ಮಿಕ. ಮತ್ತೆ ಮತ್ತೆ ಆಗುವವರಲ್ಲಿ ಹಲವರ ಕಥೆ ಬೇರೆ. ಅವರಲ್ಲಿ ತಾಯಿಯದೂ ತಂದೆಯದೂ ಎರಡೂ ಇರುತ್ತವೆ, ಆದರೆ ಅಂಡಾಣು ಬೆಳೆಯುವಾಗ ತಾಯಿ ಕಡೆಯ ಜೀನ್‌ಗಳ ಮೇಲೆ ಬೀಳಬೇಕಾದ ಗುರುತು (ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವ ರಾಸಾಯನಿಕ ಗುರುತು) ಸರಿಯಾಗಿ ಬಿದ್ದಿರುವುದಿಲ್ಲ. ಎನ್‌ಎಲ್‌ಆರ್‌ಪಿ7 ಅನ್ನುವ ಜೀನ್‌ನ ದೋಷ ಇದಕ್ಕೆ ಮುಖ್ಯ ಕಾರಣ ಅಂತ 2006ರಲ್ಲಿ ಗೊತ್ತಾಯಿತು. ಕೆಲವರಲ್ಲಿ ಕೆಎಚ್‌ಡಿಸಿ3ಎಲ್ ಜೀನ್.

ಈ ದೋಷ ಕಾಟ ಕೊಡಬೇಕಾದರೆ ಹೆಂಗಸಿಗೆ ತನ್ನ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿರಬೇಕು. ಹಾಗಾಗಿ ನೀವು ಯಾರನ್ನು ಮದುವೆಯಾದಿರಿ ಅನ್ನುವುದು ಇಲ್ಲಿ ಮುಖ್ಯ ಅಲ್ಲ, ನಿಮ್ಮ ಅಪ್ಪ-ಅಮ್ಮ ಸಂಬಂಧಿಕರಾ? ಅದನ್ನು ಹೇಳಿ. ಗಂಡನನ್ನು ಸುಮ್ನೆ ದೂರಬೇಡಿ.

ಪ್ರಶ್ನೆ: ಅಯ್ಯೋ, ಅಮ್ಮನನ್ನು ಅವರ ಸೋದರಮಾವನಿಗೇ ಕೊಟ್ಟಿದ್ದು! ಅಕ್ಕನಿಗೂ ಒಂದು ಸಲ ಹೀಗೇ ಆಗಿ, ಆಮೇಲೆ ಎರಡು ಸಲ ಅಬಾರ್ಷನ್ ಆಯಿತು. ಐವಿಎಫ್ ಮಾಡಿಸಿದರೆ ಸರಿ ಹೋಗುತ್ತಾ?

ಉತ್ತರ: ಅಕ್ಕನ ವಿಷಯ ಮೊದಲೇ ಹೇಳಬಾರದಿತ್ತಾ! ಐವಿಎಫ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಜೀನ್ ದೋಷ ಇದ್ದರೆ ನಿಮ್ಮ ಅಂಡಾಣುವಿನಿಂದ ಮತ್ತೆ ಅದೇ ಆಗುವುದು ಜಾಸ್ತಿ, ಭ್ರೂಣದ ಕ್ರೋಮೊಸೋಮ್ ಟೆಸ್ಟ್ ಮಾಡಿದರೂ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ದಾನಿಯ ಅಂಡಾಣುವಿನಿಂದ ಇಂಥ ಹೆಂಗಸರಿಗೆ ಆರೋಗ್ಯವಂತ ಮಕ್ಕಳಾಗಿದ್ದಾರೆ.

ಮೊದಲು ಎರಡೂ ಸಲದ ಬಯಾಪ್ಸಿ ಬ್ಲಾಕ್‌ಗಳನ್ನು (ತೆಗೆದ ಅಂಗಾಂಶವನ್ನು ಮೇಣದಲ್ಲಿ ಕಾಪಾಡಿಟ್ಟ ತುಂಡುಗಳು) ಲ್ಯಾಬ್‌ನಲ್ಲಿ ಕೇಳಿ ತೆಗೆದುಕೊಂಡು ಜೆನೊಟೈಪಿಂಗ್ ಮಾಡಿಸಿ, ಕ್ರೋಮೊಸೋಮ್ ತಂದೆಯದು ಮಾತ್ರವೋ ಇಬ್ಬರದೂ ಇದೆಯೋ ಅಂತ ಅದರಲ್ಲಿ ಗೊತ್ತಾಗುತ್ತದೆ. ಅದೇ ಅಂಗಾಂಶದ ಮೇಲೆ ಮಾಡುವ ಪಿ57 ಅನ್ನುವ ಪ್ರೋಟೀನ್ ಟೆಸ್ಟ್ ಒಂದೇ ಸಾಲದು, ತಂದೆಯ ಕ್ರೋಮೊಸೋಮ್ ಮಾತ್ರ ಇರುವ ಮೋಲ್‌ನಲ್ಲೂ ಇಬ್ಬರದೂ ಇರುವ ಮೋಲ್‌ನಲ್ಲೂ ಅದು ನೆಗೆಟಿವ್ ಬರುತ್ತದೆ. ಆಮೇಲೆ ಜೆನೆಟಿಕ್ಸ್ ಡಾಕ್ಟರ್ ಹತ್ತಿರ ನಿಮ್ಮ ರಕ್ತದ ಜೀನ್ ಪರೀಕ್ಷೆ. ಅಕ್ಕನನ್ನೂ ಕರೆದುಕೊಂಡು ಹೋಗಿ. ಬೀಟಾ ಎಚ್‌ಸಿಜಿ (ಬಸಿರಿನ ಹಾರ್ಮೋನ್; ಮೋಲ್ ಉಳಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ) ಫಾಲೋ-ಅಪ್ ಮುಗಿಯುವ ತನಕ ಮತ್ತೆ ಬಸಿರಾಗಬೇಡಿ. ಕೊನೆಯ ರಿಪೋರ್ಟ್‌ನಲ್ಲಿ ಅದು ಎಷ್ಟಿತ್ತು?