ಗುಡ್ಡದ ಬೆಂಕಿ ಬೇಲಿವರೆಗೂ ಬಂತು, ಮನೆ ಪಕ್ಕದ ಮರ ಕಡಿಸಬೇಕಾ? ಅನುಭವ ಇದ್ದವರು ಹೇಳಿ

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆಗೆ ನಮ್ಮ ಮನೆ. ಈ ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬಿದ್ದ ಬೆಂಕಿ ಬೇಲಿ ಮುಟ್ಟಿತು. ಮನೆ ಹತ್ತಿರದ ಮರ ಎಲ್ಲ ಕಡಿಯಲು ಬಿಡಿ ಅಂತ ಬಡಾವಣೆಯವರು ನಗರಸಭೆಗೆ ಅರ್ಜಿ ಬರೆದಿದ್ದಾರೆ. ಇಪ್ಪತ್ತು ವರ್ಷದ ಹೊಂಗೆ, ಬೇವು ಇವೆ. ನಾನು ಸಹಿ ಹಾಕಲಾ?

ಉತ್ತರ 1
ಸದ್ಯಕ್ಕೆ ಹಾಕಬೇಡಿ ಅಕ್ಕಾ. ನಮ್ಮದೂ ಗುಡ್ಡದ ಬುಡದ ಮನೆ, ನಾಲ್ಕು ವರ್ಷದ ಹಿಂದೆ ಹೀಗೇ ಆಗಿತ್ತು. ಆವತ್ತು ಸುಟ್ಟಿದ್ದು ಹೊಂಗೆ ಮರ ಅಲ್ಲ. ಗೋಡೆಗೆ ಒರಗಿಸಿ ಒಟ್ಟಿದ್ದ ಸೌದೆ, ಅದರ ಮೇಲೆ ಹೊದಿಸಿದ್ದ ತೆಂಗಿನ ಗರಿ, ಅದರಿಂದ ಕಿಟಕಿ. ಬೆಂಕಿ ಇನ್ನೂ ದೂರ ಇರುವಾಗಲೇ ಗಾಳಿಗೆ ಕಿಡಿ ಹಾರಿ ಬಂದು ಗರಿ ಮೇಲೆ ಕೂತಿತ್ತು. ಹೊಂಗೆಯ ಕೆಳಗಿನ ಎಲೆ ಬಾಡಿದವು ಅಷ್ಟೇ, ಯುಗಾದಿಗೆ ಮತ್ತೆ ಚಿಗುರಿತು.

ಕ್ಯಾಲಿಫೋರ್ನಿಯಾದಲ್ಲಿ ಕಾಡಂಚಿನ ಮನೆಗಳ ಸುತ್ತ 100 ಅಡಿವರೆಗೆ ಒಣಗಿದ್ದನ್ನು ತೆಗೆಯಬೇಕು, ಕೊಂಬೆ ಹೊಗೆಗೂಡಿಗೆ 10 ಅಡಿ ದೂರ ಇರಬೇಕು ಅಂತ ನಿಯಮ ಇದೆ. ಗೋಡೆ ಪಕ್ಕದ 5 ಅಡಿಯಲ್ಲಿ ಉರಿಯುವಂಥದ್ದು ಏನೂ ಇರಬಾರದು ಅಂತ 2020ರಲ್ಲಿ ಕಾನೂನೇ ತಂದರು. ನಾನು ಆ 5 ಅಡಿಯನ್ನು ಪಾಲಿಸುತ್ತೇನೆ. ಸೌದೆ ದೂರ ಹೋಯಿತು, ಮಾಡಿನ ತರಗೆಲೆ ವಾರಕ್ಕೊಮ್ಮೆ ಗುಡಿಸುತ್ತೇವೆ, ಹೊಂಗೆಯ ಕೆಳಕೊಂಬೆ ತಲೆ ಎತ್ತರದವರೆಗೆ ಸವರಿಸಿದೆವು, ಯಾಕಂದರೆ ನೆಲದ ಹುಲ್ಲಿನ ಬೆಂಕಿ ಆ ಕೊಂಬೆ ಹಿಡಿದೇ ಮೇಲೆ ಹತ್ತುವುದು. ಮರ ಹಾಗೇ ಇದೆ. ಮೇ ತಿಂಗಳ ಬಿಸಿಲಲ್ಲಿ ಅದರ ನೆರಳು ಇಲ್ಲದೆ ನಮ್ಮ ಊರಲ್ಲಿ ಬದುಕಲು ಆಗುತ್ತಾ ಹೇಳಿ?

ಉತ್ತರ 2
ಅರ್ಜಿ ಹೋಗಬೇಕಾದ್ದೂ ಬೇರೆ ಕಡೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯಲು ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ. 50ಕ್ಕಿಂತ ಜಾಸ್ತಿ ಮರ ಅಂದರೆ ಜನರ ಅಹವಾಲು ಕೇಳಬೇಕು. ನೀಲಗಿರಿಗೆ ಈ ಅನುಮತಿ ಬೇಕಿಲ್ಲ, ಅದರ ಎಲೆಯಲ್ಲಿ ಎಣ್ಣೆ, ಸುಲಿದ ತೊಗಟೆ ಉರಿಯುತ್ತಾ ಹಾರುತ್ತದೆ. ಮನೆಗೆ ತಾಗಿ ನೀಲಗಿರಿ ಇದ್ದರೆ ಮೊದಲು ಅದನ್ನು ತೆಗೆಸಿ. ಬೇವು, ಹೊಂಗೆಯನ್ನು ಅದರ ಜೊತೆ ಸೇರಿಸಬೇಡಿ. ನನ್ನ ಕೇಳಿದರೆ ನಿಯಮದಲ್ಲೇ ಸವರುವುದು ಬೇರೆ, ಕಡಿಯುವುದು ಬೇರೆ ಅಂತ ಬಿಡಿಸಿ ಬರೆಯಬೇಕು. ಒಣಕೊಂಬೆ ತೆಗೆಯಲು ಜನವರಿಗೆ ಮುಂಚೆ ಬೇಗ ಒಪ್ಪಿಗೆ ಸಿಗಬೇಕು, ಬುಡಕ್ಕೆ ಕೊಡಲಿ ಹಾಕಲು ಒಂದೊಂದೇ ಮರ ಬಂದು ನೋಡಬೇಕು.

ಉತ್ತರ 3
ದಾವಣಗೆರೆಯಿಂದ. ನಮ್ಮಲ್ಲಿ ಗುಡ್ಡ ಇಲ್ಲ, ಆದರೂ ಖಾಲಿ ಸೈಟಿನಲ್ಲಿ ಒಣಗಿದ ಕಾಂಗ್ರೆಸ್ ಗಿಡಕ್ಕೆ ಬೆಂಕಿ ಹತ್ತಿತು. ಯಾರೋ ಕಸ ಸುಡಲು ಹಚ್ಚಿದ್ದು. ಗುಡಿಸಿದ ಎಲೆಯನ್ನು ದಯವಿಟ್ಟು ಸುಡಬೇಡಿ, ಗುಂಡಿಗೆ ಹಾಕಿ ಗೊಬ್ಬರ ಮಾಡಿ. ಜೋಗಿಮಟ್ಟಿ ವನ್ಯಜೀವಿಧಾಮ ಅಲ್ವಾ, ನಿಮ್ಮ ಬೇಲಿಯ ಆಚೆಗೂ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ) ಹೊಡೆಸಿ ಅಂತ ಅರಣ್ಯ ಇಲಾಖೆಗೆ ಬೇಸಿಗೆಗೆ ಮೊದಲೇ ಬರೆದುಕೊಡಿ. ಹೊಗೆ ಕಂಡ ತಕ್ಷಣ 101 ಇಲ್ಲವೇ 112ಕ್ಕೆ ಫೋನ್ ಮಾಡಿ, ಹತ್ತಿರ ಹೋಗಿ ನೋಡಿ ಬರುತ್ತೇನೆ ಅಂತ ಹೊರಡಬೇಡಿ.